ವಿಜ್ಞಾನಿಯೂ ರಾಜ್ಯನೀತಿಯೂ: ಚಿತ್ರದುರ್ಗ ಸೀಮೆಯ ನಿದರ್ಶನಗಳೊಡನೆ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ವಿಜ್ಞಾನಿಯು ಪ್ರಯೋಗಶಾಲೆಯನ್ನು ಬಿಟ್ಟು ಸಾರ್ವಜನಿಕ ವಾದವಿವಾದಗಳಿಗೆ ಇಳಿಯಬಹುದೆ ಎಂಬ ಪ್ರಶ್ನೆ ನಮ್ಮ ಕಾಲೇಜುಗಳ ಅಧ್ಯಾಪಕವರ್ಗದಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಇಳಿಯಕೂಡದೆನ್ನುವವರ ಅಭಿಪ್ರಾಯ ಹೀಗಿದೆ: ವಿಜ್ಞಾನಕ್ಕಿರುವ ಮನ್ನಣೆಯೆಲ್ಲ ಅದರ ನಿಷ್ಪಕ್ಷಪಾತವನ್ನು ಅವಲಂಬಿಸಿದೆ, ವಿಜ್ಞಾನಿಯು ಒಂದು ಪಕ್ಷವನ್ನು ಹಿಡಿದೊಡನೆ ಆ ಮನ್ನಣೆ ಕುಂದುತ್ತದೆ. ಇಳಿಯಲೇಬೇಕೆನ್ನುವವರು, ತಿಳಿದವನು ಮೌನವಾಗಿದ್ದರೆ ತಿಳಿಯದವನ ಮಾತೇ ಶಾಸನವಾಗುವುದೆಂದು ಉತ್ತರ ಕೊಡುತ್ತಾರೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ 'ರಾಜಕೀಯ' ಎಂಬ ಒಂದೇ ಮಾತನ್ನು ಎರಡು ಅರ್ಥಗಳಲ್ಲಿ ಬಳಸುವುದರಿಂದ ಚರ್ಚೆ ತೊಡಕಾಗುತ್ತದೆ. ಅಧಿಕಾರಕ್ಕಾಗಿ ಪಕ್ಷಗಳು ನಡೆಸುವ ಸ್ಪರ್ಧೆ ಒಂದು. ನೆಲ, ನೀರು, ಶಕ್ತಿ, ಆರೋಗ್ಯ, ಶಿಕ್ಷಣ ಇವುಗಳ ವಿಷಯದಲ್ಲಿ ಸಮಾಜವು ಒಂದು ನಿರ್ಧಾರಕ್ಕೆ ಬರುವ ರೀತಿ ಇನ್ನೊಂದು. ಪ್ರಕೃತ ಲೇಖನದಲ್ಲಿ ನಾವು ಎರಡನೆಯದನ್ನು ಮಾತ್ರ ವಿಚಾರಿಸುತ್ತೇವೆ.

ಇದರಲ್ಲಿ ವಿಜ್ಞಾನದ ಪಾಲು ಎಷ್ಟು ಎಂಬುದನ್ನು ಒಂದು ಸಮೀಪದ ಉದಾಹರಣೆಯಿಂದ ತಿಳಿಯಬಹುದು. ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಅಡಕೆ ತೆಂಗಿನ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಯ ನೀರನ್ನೇ ನಂಬಿವೆ. ಅಂತರ್ಜಲವನ್ನು ಲೆಕ್ಕಹಾಕುವ ಕ್ರಮ ಹೀಗಿದೆ. ಒಂದು ಪ್ರದೇಶದಲ್ಲಿ ವರ್ಷಕ್ಕೆ ಇಂಗಿ, ಬಳಕೆಗೆ ಒದಗುವ ನೀರನ್ನು ನೂರು ಭಾಗವೆಂದು ಇಟ್ಟುಕೊಂಡರೆ, ಎತ್ತುವ ನೀರು ೭೦ ಭಾಗದೊಳಗೆ ಇದ್ದಾಗ ಆ ಪ್ರದೇಶ ಸುರಕ್ಷಿತ. ೭೦ರಿಂದ ೯೦ರವರೆಗೆ ಅರೆಗಂಭೀರ. ೯೦ರಿಂದ ೧೦೦ರವರೆಗೆ ಗಂಭೀರ. ೧೦೦ನ್ನು ಮೀರಿದರೆ ಅತಿಬಳಕೆಯ ಪ್ರದೇಶ. ಇಷ್ಟು ವಿಜ್ಞಾನದ ಮಾತು. ನೂರು ಇಂಗುವಲ್ಲಿ ನೂರಿಪ್ಪತ್ತು ಎತ್ತಿದರೆ ಮಟ್ಟವು ಕೆಳಗಿಳಿಯುತ್ತದೆಂಬುದು ಯಾವ ಪಕ್ಷದ ಅಭಿಪ್ರಾಯವೂ ಆಗಿರುವುದಿಲ್ಲ. ಆದರೆ ಕಡಮೆಮಾಡಬೇಕಾದವರು ಯಾರು, ತೋಟದವರೊ, ಹೊಲದವರೊ, ಪಟ್ಟಣದವರೊ ಎಂಬ ಪ್ರಶ್ನೆಗೆ ಯಾವ ಅಳತೆಯೂ ಉತ್ತರ ಕೊಡಲಾರದು. ಅದನ್ನು ಜನರೇ ನ್ಯಾಯ, ಅನ್ಯಾಯಗಳ ದೃಷ್ಟಿಯಿಂದ ನಿಶ್ಚಯಿಸಬೇಕು.

ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರನ್ನು ಇಲ್ಲಿ ನೆನೆಯುವುದು ಯುಕ್ತ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಬೆಳೆದು ಅದರ ನಿರ್ದೇಶಕರಾಗಿದ್ದ ಇವರು, ೧೯೫೮ರಲ್ಲಿ ಸ್ಥಾಪಿತವಾದ ಭಾರತೀಯ ಭೂವಿಜ್ಞಾನ ಸಂಘವನ್ನು ದಶಕಗಳ ಕಾಲ ನಡೆಸಿದರು. ಶಿಲೆಗಳ ಅಧ್ಯಯನದಲ್ಲಿ ಜೀವಮಾನ ಕಳೆದವರು ತಮ್ಮ ಇಳಿವಯಸ್ಸಿನಲ್ಲಿ, ೨೦೦೪ರಲ್ಲಿ, ಮಾನವನಿರ್ಮಿತ ಬರವನ್ನು ಕುರಿತು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು ಅಂತರ್ಜಲದ ಲೂಟಿಯ ಬಗ್ಗೆ ಎಚ್ಚರಿಸಿದರು. ಅವರು ಯಾವ ಚುನಾವಣೆಗೂ ನಿಂತವರಲ್ಲ. ಆದರೂ ಅದು ರಾಜ್ಯನೀತಿಯಲ್ಲಿ ವಿಜ್ಞಾನಿಯ ಪ್ರವೇಶವೇ ಸರಿ. ಕರ್ನಾಟಕದಲ್ಲಿ ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ ಶಾಸನ ೨೦೧೧ರಲ್ಲಿ ಬಂದಿತು.

ರಾಜ್ಯನೀತಿಯಲ್ಲಿ ವಿಜ್ಞಾನಕ್ಕೆ ಹಾನಿಯೊದಗುವ ಸಂದರ್ಭಗಳು ಮುಖ್ಯವಾಗಿ ಮೂರು. ಅಳೆಯಬೇಕಾದುದನ್ನು ಅಳೆಯದಿರುವುದು ಮೊದಲನೆಯದು. ಅಳೆದುದನ್ನು ಮುಚ್ಚಿಡುವುದು ಎರಡನೆಯದು. ಅಳತೆಯು ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸುವುದು ಮೂರನೆಯದು. ಈ ಮೂರನ್ನು ತಡೆಯುವುದೇ ವಿಜ್ಞಾನದ ರಕ್ಷಣೆಯೆಂದು ನಮ್ಮ ಭಾವನೆ. ವಿಜ್ಞಾನಿಗಳ ಸ್ಥಾನಮಾನಗಳ ರಕ್ಷಣೆ ಬೇರೆಯ ವಿಷಯ.

೨. ಹೊರಗಿನ ಇತಿಹಾಸದಿಂದ ಎರಡು ಮಾತು

ವಿಜ್ಞಾನವನ್ನು ರಾಜ್ಯಶಕ್ತಿಯು ಅಡಗಿಸಿದರೆ ಏನಾಗುವುದೆಂಬುದಕ್ಕೆ ಸೋವಿಯತ್ ದೇಶದ ತಳಿಶಾಸ್ತ್ರದ ಕಥೆ ಪ್ರಸಿದ್ಧವಾಗಿದೆ. ಬೆಳೆಸಸ್ಯಗಳ ಮೂಲಸ್ಥಾನಗಳನ್ನು ಹುಡುಕಿ, ಜಗತ್ತಿನ ನಾನಾ ಕಡೆಗಳಿಂದ ಬೀಜ ಸಂಗ್ರಹಿಸಿದ ನಿಕೊಲಾಯ್ ವಾವಿಲೋವ್ ೧೯೪೦ರಲ್ಲಿ ಬಂಧಿತರಾಗಿ ೧೯೪೩ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡರು. ೧೯೪೮ರಲ್ಲಿ ಲೈಸೆಂಕೋ ಅವರ ಮತವೇ ಅಧಿಕೃತವೆಂದು ಸಾರಲ್ಪಟ್ಟಿತು. ತಳಿಶಾಸ್ತ್ರದ ಬೋಧನೆ ನಿಂತಿತು. ಅಲ್ಲಿ ಸೋತದ್ದು ಒಬ್ಬ ವಿದ್ವಾಂಸನಷ್ಟೇ ಅಲ್ಲ, ಒಂದು ಹೇಳಿಕೆ ನಿಜವೆ ಸುಳ್ಳೆ ಎಂದು ಹೊಲದಲ್ಲಿ ಪರೀಕ್ಷಿಸಿ ನೋಡುವ ಪದ್ಧತಿ.

ನಮ್ಮ ದೇಶದಲ್ಲಿ ಮೇಘನಾದ ಸಹಾ ಅವರ ಜೀವನ ಗಮನಾರ್ಹವಾದುದು. ನಕ್ಷತ್ರಗಳ ವರ್ಣಪಟಲವನ್ನು ವಿವರಿಸುವ ಸಮೀಕರಣದಿಂದ ಕೀರ್ತಿ ಪಡೆದ ಈ ಭೌತವಿಜ್ಞಾನಿ, ೧೯೩೫ರಲ್ಲಿ 'ಸೈನ್ಸ್ ಅಂಡ್ ಕಲ್ಚರ್' ಪತ್ರಿಕೆಯನ್ನು ಆರಂಭಿಸಿದರು; ದಾಮೋದರ ನದಿಯ ಪ್ರವಾಹವನ್ನು ಕುರಿತು ಬರೆದು ನದೀಕಣಿವೆಯ ಯೋಜನೆಗೆ ದಾರಿಮಾಡಿದರು; ಕೊನೆಗೆ ೧೯೫೨ರ ಪ್ರಥಮ ಲೋಕಸಭೆಗೆ ಕಲ್ಕತ್ತೆಯಿಂದ ಸ್ವತಂತ್ರರಾಗಿ ಆಯ್ಕೆಯಾದರು. ವಿಜ್ಞಾನಿ ಚುನಾವಣೆಯ ದಾರಿಯನ್ನು ಹಿಡಿದುದಕ್ಕೆ ಇದೊಂದು ನಿದರ್ಶನ. ಆದರೆ ಆ ದಾರಿಯಲ್ಲಿ ನಡೆದವರು ವಿರಳ.

೧೯೫೮ರ ಮಾರ್ಚ್ ೪ರಂದು ಕೇಂದ್ರ ಸರ್ಕಾರವು ವಿಜ್ಞಾನ ನೀತಿಯ ನಿರ್ಣಯವನ್ನು ಪ್ರಕಟಿಸಿತು. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೫೧ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಕರ್ತವ್ಯವು ನಾಗರಿಕನದು ಎಂಬ ಅಂಶವನ್ನು ಮರೆಯಬಾರದು. ವಿಜ್ಞಾನಿಯೂ ಅದಕ್ಕೆ ಬದ್ಧನಾಗುವುದು ನಾಗರಿಕನಾಗಿಯೇ.

೩. ಕರ್ನಾಟಕದಲ್ಲಿ ಕಂಡ ನಾಲ್ಕು ಮಾರ್ಗಗಳು

ಮೊದಲನೆಯದು ಪರೀಕ್ಷೆಗೆ ಕರೆಯುವ ಮಾರ್ಗ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಡಾ. ಎಚ್. ನರಸಿಂಹಯ್ಯನವರು ೧೯೬೦ರಲ್ಲಿ ಅಮೆರಿಕದ ಓಹೈಓ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವಿಚಾರಿಸಲು ಸಮಿತಿಯೊಂದನ್ನು ರಚಿಸಿದರು. ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಒಪ್ಪಿಗೆ ದೊರೆಯಲಿಲ್ಲ. ಸಮಿತಿಯ ಹೆಸರಿನಲ್ಲಿರುವ 'ಪರೀಕ್ಷಿಸಬಹುದಾದ' ಎಂಬ ವಿಶೇಷಣವನ್ನು ಓದುಗರು ಗಮನಿಸಬೇಕು. ಪರೀಕ್ಷೆಗೆ ಒಳಪಡದ ಶ್ರದ್ಧೆಯ ಗೊಡವೆಗೆ ಸಮಿತಿ ಹೋಗಲಿಲ್ಲ. ಪರೀಕ್ಷೆಗೆ ಒಳಪಡುವ ಹೇಳಿಕೆಯನ್ನು ಪರೀಕ್ಷಿಸದೆ ನಂಬಿಸುವುದನ್ನು ಮಾತ್ರ ಅದು ಪ್ರಶ್ನಿಸಿತು.

ಎರಡನೆಯದು ಪ್ರತಿಲೆಕ್ಕದ ಮಾರ್ಗ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ೧೯೭೪ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕಾರ್ಯಕ್ರಮವನ್ನು ಆರಂಭಿಸಿದ್ದರು. ೧೯೮೦ರ ದಶಕದಲ್ಲಿ ರಾಜ್ಯದ ಅಧಿಕೃತ ಸಮಿತಿಯು ೨೦೦೦ದ ಇಸವಿಗೆ ಕರ್ನಾಟಕಕ್ಕೆ ಸುಮಾರು ೪,೭೫೦ ಕೋಟಿ ಯೂನಿಟ್ ವಿದ್ಯುತ್ತು ಬೇಕಾಗುವುದೆಂದು ಅಂದಾಜು ಮಾಡಿತು. ರೆಡ್ಡಿ ಮತ್ತು ಅವರ ಸಂಗಡಿಗರು ಲೆಕ್ಕವನ್ನು ಇನ್ನೊಂದು ತುದಿಯಿಂದ ಆರಂಭಿಸಿದರು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಳಕು, ನೀರೆತ್ತುವಿಕೆ, ಅಡುಗೆಯ ಶಾಖ ಮೊದಲಾದ ಸೇವೆಗಳು. ಅವನ್ನು ಮಿತವ್ಯಯದ ಉಪಕರಣಗಳಿಂದ ಒದಗಿಸಿದರೆ ಸುಮಾರು ೧,೭೯೦ ಕೋಟಿ ಯೂನಿಟ್ ಸಾಕೆಂದು ಅವರು ತೋರಿಸಿದರು. ಎರಡು ಅಂದಾಜುಗಳಲ್ಲಿ ಯಾವುದು ಹೆಚ್ಚು ಸರಿ ಎಂಬುದಕ್ಕಿಂತ, ಸರ್ಕಾರದ ಲೆಕ್ಕಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನು ಅದರ ಎಲ್ಲ ಊಹೆಗಳೊಡನೆ ಜನರ ಮುಂದಿಟ್ಟರೆಂಬುದು ಇಲ್ಲಿ ಮುಖ್ಯ. ಊಹೆಗಳು ಬಯಲಾದಾಗ ಯಾರಾದರೂ ಅವನ್ನು ತಿದ್ದಬಹುದು.

ಮೂರನೆಯದು ವರದಿಯನ್ನು ಬೆಳಕಿಗೆ ತರುವ ಮಾರ್ಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನದ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ತಜ್ಞಮಂಡಲಿಯು ಪಶ್ಚಿಮಘಟ್ಟಗಳನ್ನು ಕುರಿತ ವರದಿಯನ್ನು ೨೦೧೧ರ ಆಗಸ್ಟಿನಲ್ಲಿ ಒಪ್ಪಿಸಿತು. ಅದು ಕೂಡಲೆ ಪ್ರಕಟವಾಗಲಿಲ್ಲ. ಮಾಹಿತಿ ಹಕ್ಕಿನ ಶಾಸನದಡಿ ಅರ್ಜಿ ಹೋಗಿ, ಕೇಂದ್ರ ಮಾಹಿತಿ ಆಯೋಗವು ೨೦೧೨ರ ಏಪ್ರಿಲ್‌ನಲ್ಲಿ ಆದೇಶವಿತ್ತು, ಪ್ರಕರಣ ದೆಹಲಿ ಉಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ ಮೇ ತಿಂಗಳಲ್ಲಿ ಪ್ರಕಟವಾಯಿತು. ವರದಿಯ ಶಿಫಾರಸುಗಳನ್ನು ಒಪ್ಪಬಹುದು, ಬಿಡಬಹುದು; ಕರ್ನಾಟಕದಲ್ಲಿಯೇ ಅದಕ್ಕೆ ವಿರೋಧ ಬಲವಾಗಿತ್ತು. ಆದರೆ ಓದದೆ ಬಿಡುವುದಕ್ಕೂ ಓದಿ ಬಿಡುವುದಕ್ಕೂ ಬಹಳ ಅಂತರವುಂಟು.

ನಾಲ್ಕನೆಯದು ಬೀದಿಗೆ ಬರುವ ಮಾರ್ಗ. ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಕೊಲೆಯಾದ ತರುವಾಯ ದೇಶದ ಅನೇಕ ವಿಜ್ಞಾನಿಗಳು ಅಸಹನೆಯ ವಿರುದ್ಧ ಬಹಿರಂಗ ಹೇಳಿಕೆಗಳಿಗೆ ಸಹಿಹಾಕಿದರು, ಜೀವವಿಜ್ಞಾನಿ ಪಿ. ಎಂ. ಭಾರ್ಗವ ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿದರು. ೨೦೧೭ರ ಏಪ್ರಿಲ್ ೨೨ರಂದು ಜಗತ್ತಿನ ನೂರಾರು ನಗರಗಳಲ್ಲಿ ವಿಜ್ಞಾನಕ್ಕಾಗಿ ಮೆರವಣಿಗೆಗಳು ನಡೆದವು. ಅದೇ ವರ್ಷ ಆಗಸ್ಟ್ ೯ರಂದು ಬೆಂಗಳೂರೂ ಸೇರಿ ಭಾರತದ ನಗರಗಳಲ್ಲಿ ನಡೆದ ಮೆರವಣಿಗೆಯ ಬೇಡಿಕೆಗಳು ಸ್ಪಷ್ಟವಾಗಿದ್ದವು: ರಾಷ್ಟ್ರೀಯ ಉತ್ಪನ್ನದ ಶೇಕಡಾ ೩ನ್ನು ವಿಜ್ಞಾನಕ್ಕೂ ಶೇಕಡಾ ೧೦ನ್ನು ಶಿಕ್ಷಣಕ್ಕೂ ಕೊಡಬೇಕು, ಅವೈಜ್ಞಾನಿಕ ವಿಚಾರಗಳ ಪ್ರಚಾರ ನಿಲ್ಲಬೇಕು. ಸಂಶೋಧನೆಗೆ ದೇಶವು ವೆಚ್ಚಮಾಡುವುದು ಶೇಕಡಾ ಒಂದಕ್ಕಿಂತಲೂ ಕಡಮೆಯಿರುವಾಗ ಬೇಡಿಕೆ ಅಸಂಗತವಲ್ಲ. ಆದರೂ ಮೆರವಣಿಗೆಯು ಒಂದು ದಿನದ ಕಾರ್ಯ. ಉಳಿದ ದಿನಗಳ ಕಾರ್ಯ ಯಾವುದೆಂಬುದನ್ನು ಒಂದು ಸೀಮೆಯನ್ನು ಹಿಡಿದು ನೋಡಿದರೆ ತಿಳಿಯುತ್ತದೆ.

೪. ಚಿತ್ರದುರ್ಗ ಸೀಮೆ: ನೀರು ಮತ್ತು ಅದಿರು

ವೇದಾವತಿಯು ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿ ಹೊಸದುರ್ಗದ ಸೀಮೆಯನ್ನು ಹಾಯ್ದು ಹಿರಿಯೂರಿನ ಬಳಿ ಮಾರಿಕಣಿವೆಯನ್ನು ಸೇರುತ್ತದೆ. ಅಲ್ಲಿ ೧೯೦೭ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಸಾಮರ್ಥ್ಯ ಸುಮಾರು ೩೦ ಶತಕೋಟಿ ಘನ ಅಡಿ. ಈ ಜಲಾಶಯ ೧೯೩೩ರಲ್ಲಿ ಕೋಡಿಬಿದ್ದಿತು. ಮತ್ತೆ ಕೋಡಿಬಿದ್ದದ್ದು ೮೯ ವರ್ಷಗಳ ನಂತರ, ೨೦೨೨ರ ಸೆಪ್ಟೆಂಬರಿನಲ್ಲಿ. ಅನಂತರ ೨೦೨೫ರ ಜನವರಿಯಲ್ಲಿ. ಈ ಮೂರು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮಳೆ ಹೆಚ್ಚಾಯಿತೆಂದು ತೀರ್ಮಾನಿಸುವುದು ಸುಲಭ. ಆದರೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇತ್ತೀಚಿನ ವರ್ಷಗಳಲ್ಲಿ ಈ ಜಲಾಶಯಕ್ಕೆ ಹರಿದು ಬಂದಿರುವುದರಿಂದ, ೧೯೩೩ರ ಕೋಡಿಯನ್ನೂ ೨೦೨೨ರ ಕೋಡಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಮಳೆಯಿಂದ ಬಂದುದೆಷ್ಟು, ಕಾಲುವೆಯಿಂದ ಬಂದುದೆಷ್ಟು ಎಂದು ಬೇರ್ಪಡಿಸದ ಹೊರತು ಮುಂದಿನ ನೀರಿನ ಹಂಚಿಕೆಯನ್ನು ಕುರಿತ ಯಾವ ವಾದವೂ ನಿಲ್ಲದು. ಆ ಯೋಜನೆಯು ತುಂಗಾ ಭದ್ರಾ ನದಿಗಳಿಂದ ೨೯.೯ ಶತಕೋಟಿ ಘನ ಅಡಿ ನೀರನ್ನು ಬಳಸಿ ನಾಲ್ಕು ಜಿಲ್ಲೆಗಳ ಸುಮಾರು ೨.೨೫ ಲಕ್ಷ ಹೆಕ್ಟೇರಿಗೆ ಒದಗಿಸಬೇಕೆಂದಿದೆ. ನೀರಿಗಾಗಿ ಜನ ಇಷ್ಟು ಕಾಲ ಕಾದಿರುವ ಸೀಮೆಯಲ್ಲಿ, ಲೆಕ್ಕ ಕೇಳುವ ವಿಜ್ಞಾನಿ ಯೋಜನೆಯ ವೈರಿಯಂತೆ ಕಾಣಬಹುದು. ವಾಸ್ತವವಾಗಿ ಕೊನೆಯ ಹಳ್ಳಿಗೆ ನೀರು ಮುಟ್ಟುವುದೆ ಎಂದು ಮೊದಲೇ ಕೇಳುವವನು ಆ ಹಳ್ಳಿಯ ಮಿತ್ರನೇ.

ಅದಿರಿನ ವಿಷಯ ಇನ್ನೊಂದು ಬಗೆಯದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಸಾಲು ಭೂವಿಜ್ಞಾನಿಗಳು ಚಿತ್ರದುರ್ಗ ಶಿಲಾಪಟ್ಟಿಯೆಂದು ಕರೆಯುವ ಪ್ರಾಚೀನ ಶಿಲಾಸಮೂಹಕ್ಕೆ ಸೇರಿದೆ. ಅದರಲ್ಲಿ ಕಬ್ಬಿಣ ಮ್ಯಾಂಗನೀಸುಗಳ ಅದಿರುಂಟು. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೧೧ರ ಜುಲೈನಲ್ಲಿ ಬಳ್ಳಾರಿಯಲ್ಲಿಯೂ ಆಗಸ್ಟಿನಲ್ಲಿ ಚಿತ್ರದುರ್ಗ ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಗೆ ತಡೆಯಾಯಿತು. ಆ ಬಳಿಕ ನಡೆದ ಕಾರ್ಯವೇ ನಮ್ಮ ವಿಷಯಕ್ಕೆ ಮುಖ್ಯ. ಗುತ್ತಿಗೆಯ ಎಲ್ಲೆ ಎಲ್ಲಿದೆ, ಅಗೆತ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಸಂಯುಕ್ತ ತಂಡವು ಸ್ಥಳದಲ್ಲಿ ಮೋಜಣಿ ಮಾಡಿತು. ಗುತ್ತಿಗೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಅಕ್ರಮ ಇಲ್ಲದ ಅಥವಾ ಅತ್ಯಲ್ಪವಾದವು ಮೊದಲ ವರ್ಗ. ಎಲ್ಲೆಯ ಹೊರಗಿನ ಅಗೆತ ಗುತ್ತಿಗೆಯ ವಿಸ್ತೀರ್ಣದ ಶೇಕಡಾ ೧೦ರೊಳಗೆ, ಮಣ್ಣಿನ ರಾಶಿ ಶೇಕಡಾ ೧೫ರೊಳಗೆ ಇದ್ದವು ಎರಡನೆಯ ವರ್ಗ. ಅದಕ್ಕೂ ಮೀರಿದವು ಮೂರನೆಯ ವರ್ಗ. ೨೦೧೩ರ ಏಪ್ರಿಲ್ ೧೮ರ ತೀರ್ಪಿನಲ್ಲಿ ಮೂರನೆಯ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವಕ್ಕೆ ಭಾರತೀಯ ಅರಣ್ಯ ಸಂಶೋಧನ ಮತ್ತು ಶಿಕ್ಷಣ ಪರಿಷತ್ತಿನ ಅಧ್ಯಯನವನ್ನು ಅನುಸರಿಸಿ ಭೂಮಿಯ ಪುನರುದ್ಧಾರದ ಯೋಜನೆಗಳೂ ಉತ್ಪಾದನೆಯ ಮಿತಿಯೂ ವಿಧಿಸಲ್ಪಟ್ಟವು: ವರ್ಷಕ್ಕೆ ಬಳ್ಳಾರಿಗೆ ೨೫೦ ಲಕ್ಷ ಟನ್, ಚಿತ್ರದುರ್ಗ ತುಮಕೂರುಗಳೆರಡಕ್ಕೂ ಸೇರಿ ೫೦ ಲಕ್ಷ ಟನ್.

ಈ ಎರಡನೆಯ ಸಂಖ್ಯೆ ೨೦೧೭ರಲ್ಲಿ ೭೦ ಲಕ್ಷಕ್ಕೂ ೨೦೨೨ರಲ್ಲಿ ೧೫೦ ಲಕ್ಷಕ್ಕೂ ಏರಿತು. ಏರಿಸುವುದು ತಪ್ಪೆಂದು ನಾವು ಇಲ್ಲಿ ವಾದಿಸುತ್ತಿಲ್ಲ. ಗಣಿಯನ್ನು ನಂಬಿದ ಕೂಲಿಗಾರರ, ಲಾರಿಯವರ ಜೀವನವೂ ನೀತಿಯ ವಿಷಯವೇ. ಆದರೆ ಮಿತಿಯು ಹುಟ್ಟಿದ್ದು ಬೆಟ್ಟ, ನೀರು, ರಸ್ತೆ, ಧೂಳು ಇವುಗಳ ಧಾರಣಶಕ್ತಿಯ ವಿಚಾರದಿಂದ. ಆದುದರಿಂದ ಮಿತಿಯನ್ನು ಬದಲಾಯಿಸುವಾಗಲೆಲ್ಲ ಆ ಧಾರಣಶಕ್ತಿಯ ಹೊಸ ಅಳತೆ ಯಾವುದೆಂದು ಕೇಳುವುದು ವಿಜ್ಞಾನಿಯ ಕರ್ತವ್ಯ. ಮೊದಲಿನ ಸಂಖ್ಯೆಗೆ ಬೇಕಾದ ಪ್ರಮಾಣವು ಮೂರು ಪಾಲು ಹೆಚ್ಚಿದ ಸಂಖ್ಯೆಗೂ ಬೇಕು.

೫. ಚಳ್ಳಕೆರೆಯ ಕಾವಲು: ವಿಜ್ಞಾನಕ್ಕೇ ಒಂದು ಪರೀಕ್ಷೆ

ಇದುವರೆಗಿನ ನಿದರ್ಶನಗಳಲ್ಲಿ ಸರ್ಕಾರ, ವ್ಯಾಪಾರ ಅಥವಾ ಮೂಢನಂಬಿಕೆ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಇದ್ದವು. ಹಿರಿಯೂರಿಗೆ ಉತ್ತರದ ಚಳ್ಳಕೆರೆ ತಾಲ್ಲೂಕಿನಲ್ಲಿ ಈ ಸರಳ ವಿಂಗಡಣೆ ನಿಲ್ಲುವುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಆ ದನಗಳ ಮೇವಿಗಾಗಿ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಪ್ರದೇಶದಲ್ಲಿ ಸುತ್ತಲಿನ ಹಳ್ಳಿಗಳ ದನ ಕುರಿಗಳು ಮೇಯುತ್ತಿದ್ದವು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳು ಈ ನೆಲವನ್ನು ಆಶ್ರಯಿಸಿದ್ದವು. ೨೦೦೦ದ ದಶಕದ ಕೊನೆಯ ವರ್ಷಗಳಿಂದ ಈ ನೆಲದಲ್ಲಿ ರಕ್ಷಣಾ ಸಂಶೋಧನ ಮತ್ತು ಅಭಿವೃದ್ಧಿ ಸಂಸ್ಥೆಗೆ ೪,೨೯೦ ಎಕರೆ, ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ೧,೮೧೦ ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦ ಎಕರೆ, ಇಸ್ರೋ ಸಂಸ್ಥೆಗೆ ೫೭೩ ಎಕರೆ ಮಂಜೂರಾಯಿತು. ಒಟ್ಟು ಎಂಟು ಸಾವಿರ ಎಕರೆಗೂ ಮಿಗಿಲು.

ಈ ಸಂಸ್ಥೆಗಳು ಅಲ್ಲಿ ಮಾಡಿರುವ ಕಾರ್ಯ ಅಲ್ಪವಾದುದಲ್ಲ. ವೈಮಾನಿಕ ಪರೀಕ್ಷಾ ಕ್ಷೇತ್ರವು ೨೦೧೭ರಲ್ಲಿ ಉದ್ಘಾಟನೆಯಾಯಿತು. ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಇಳಿತವನ್ನು ೨೦೨೩ರ ಏಪ್ರಿಲ್ ೨ರಂದು ಅಲ್ಲಿಯೇ ಪರೀಕ್ಷಿಸಲಾಯಿತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾಕಾಲೇಜುಗಳ ಅಧ್ಯಾಪಕರಿಗೆ ತರಬೇತಿ ನಡೆಯುತ್ತ ಬಂದಿದೆ. ಆದರೆ ಹಳ್ಳಿಗರೂ ಪರಿಸರದ ಸಂಘಗಳೂ ಎತ್ತಿದ ಆಕ್ಷೇಪವೂ ಅಲ್ಪವಾದುದಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠದಲ್ಲಿ ವಿಚಾರಣೆ ನಡೆದು ೨೦೧೪ರ ಆಗಸ್ಟ್ ೨೭ರಂದು ತೀರ್ಪು ಬಂದಿತು. ಆಕ್ಷೇಪದ ತಿರುಳು ಇದು: ಈ ನೆಲವನ್ನು ಬಳಕೆಯಿಲ್ಲದ ಬಂಜರೆಂದು ಎಣಿಸಿದ್ದು ಸರಿಯೆ?

ಹುಲ್ಲುಗಾವಲಿನ ಅಧ್ಯಯನದಲ್ಲಿ ತೊಡಗಿದ ವಿಜ್ಞಾನಿಗಳು ಇದಕ್ಕೆ ಕೊಡುವ ಉತ್ತರ ಸ್ಪಷ್ಟವಾಗಿದೆ. ಮರವಿಲ್ಲದ ನೆಲವೆಲ್ಲ ಹಾಳಾದ ಕಾಡಲ್ಲ. ಮಳೆ ಕಡಮೆಯಿರುವ ಸೀಮೆಯಲ್ಲಿ ಹುಲ್ಲೇ ಸಹಜವಾದ ಹೊದಿಕೆ. ಅದರ ಬೇರುಗಳು ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ, ಇಂಗಾಲವನ್ನು ನೆಲದೊಳಗೆ ಇರಿಸುತ್ತವೆ. ಕೃಷ್ಣಮೃಗಕ್ಕೂ ನೆಲದಲ್ಲಿಯೇ ಮೊಟ್ಟೆಯಿಡುವ ಹಕ್ಕಿಗಳಿಗೂ ಅದೇ ನೆಲೆ. 'ಬಂಜರು' ಎಂಬುದು ಕಂದಾಯದ ಮಾತು, ಪರಿಸರ ವಿಜ್ಞಾನದ ಮಾತಲ್ಲ. ಹೀಗಿರಲು, ಒಂದು ವಿಜ್ಞಾನವು ತನಗೆ ಬೇಕಾದ ಭೂಮಿಯನ್ನು ಇನ್ನೊಂದು ವಿಜ್ಞಾನವು ಹೇಳಿದುದನ್ನು ಮೊದಲೇ ಕೇಳಿ, ಅಳೆದು, ಜನರ ಮುಂದಿಟ್ಟು ಪಡೆಯಬೇಕಾಗಿತ್ತೆಂಬ ಮಾತನ್ನು ತಳ್ಳಿಹಾಕಲಾಗದು. ದೇಶದ ರಕ್ಷಣೆಗೆ ಸಂಬಂಧಿಸಿದ ಕೆಲವು ವಿವರಗಳು ಗುಪ್ತವಾಗಿರಬೇಕೆಂಬುದನ್ನು ಒಪ್ಪೋಣ. ಆದರೆ ಯಾವ ಹುಲ್ಲು ಎಲ್ಲಿದೆ, ಎಷ್ಟು ಕುರಿ ಅಲ್ಲಿ ಮೇಯುತ್ತವೆ ಎಂಬುದರಲ್ಲಿ ಗುಟ್ಟೇನೂ ಇಲ್ಲ.

ಚಳ್ಳಕೆರೆಯ ಪ್ರಕರಣ ಇಡೀ ಪ್ರಶ್ನೆಗೆ ಒರೆಗಲ್ಲಾಗುವುದು ಇದರಿಂದಲೇ. ಮಂತ್ರಿಗಳು ಲೆಕ್ಕ ತೋರಿಸಬೇಕೆಂದು ಕೇಳುವ ವಿಜ್ಞಾನಿಗಳು ತಮ್ಮ ಸಂಸ್ಥೆಯ ಆವರಣದ ಲೆಕ್ಕವನ್ನೂ ತೋರಿಸಲು ಸಿದ್ಧರಿರಬೇಕು. ಇಲ್ಲವಾದರೆ ಜನರಿಗೆ ವಿಜ್ಞಾನವೂ ಒಂದು ಹಿತಾಸಕ್ತಿಯಾಗಿ ಮಾತ್ರ ತೋರುತ್ತದೆ. ಆಮೇಲೆ ಅದರ ಪರವಾಗಿ ಎಷ್ಟು ಮೆರವಣಿಗೆ ನಡೆಸಿದರೂ ಫಲವಿಲ್ಲ.

೬. ಕಾಲೇಜುಗಳ ಪಾಲು

ಮೇಲಿನ ವಿವೇಚನೆಯಿಂದ ಹೊರಡುವ ನಿಯಮಗಳು ಕೆಲವೇ. ಸಾರ್ವಜನಿಕವಾಗಿ ಮಾತನಾಡುವ ವಿಜ್ಞಾನಿಯು ತನಗೆ ಅದರಲ್ಲಿ ಸ್ವಂತ ಲಾಭವಿದ್ದರೆ ಮೊದಲೇ ತಿಳಿಸಬೇಕು. ತಾನು ಅಳೆದುದನ್ನೂ ತಾನು ಬಯಸುವುದನ್ನೂ ಬೇರೆ ಬೇರೆಯಾಗಿ ಹೇಳಬೇಕು. ಅಳತೆಯ ಅನಿಶ್ಚಯವನ್ನು ಮರೆಮಾಡಬಾರದು; ಎದುರಾಳಿಯು ಅದನ್ನು ದುರುಪಯೋಗಪಡಿಸಿಕೊಂಡಾನೆಂಬ ಭಯವು ಮರೆಮಾಚುವಿಕೆಗೆ ಸಮರ್ಥನೆಯಾಗದು. ಇವೆಲ್ಲವನ್ನೂ ಸಂಬಂಧಪಟ್ಟ ಜನರ ಭಾಷೆಯಲ್ಲಿ ಹೇಳಬೇಕು.

ಈ ಕೊನೆಯ ನಿಯಮದಲ್ಲಿಯೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳ ಕಾಲೇಜುಗಳಿಗೆ ದೊಡ್ಡ ಅವಕಾಶವಿದೆ. ೨೦೦೬ರ ಪರಿಸರ ಪರಿಣಾಮ ನಿರ್ಧಾರದ ಅಧಿಸೂಚನೆಯಂತೆ, ಸಾರ್ವಜನಿಕ ಆಲಿಕೆ ಅಗತ್ಯವಾದ ಯೋಜನೆಗಳಲ್ಲಿ ಜನರಿಗೆ ಕನಿಷ್ಠ ೩೦ ದಿನಗಳ ಕಾಲಾವಕಾಶವಿತ್ತು, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕೆಂಬ ವಿಧಾನ ಬಂದಿತು. ನೂರಾರು ಪುಟಗಳ ವರದಿಯನ್ನು ಓದಿ, ಅಂತರ್ಜಲದ ಕೋಷ್ಟಕ ಸರಿಯಿದೆಯೆ, ಮಾದರಿಗಳನ್ನು ತೆಗೆದದ್ದು ಬೇಸಿಗೆಯಲ್ಲೊ ಮಳೆಗಾಲದಲ್ಲೊ ಎಂದು ಕೇಳಬಲ್ಲವರು ಆ ಊರಿನಲ್ಲಿ ಯಾರು? ರಸಾಯನ, ಸಸ್ಯ, ಭೂವಿಜ್ಞಾನಗಳ ಅಧ್ಯಾಪಕರೇ. ೨೦೦೨ರ ಜೀವವೈವಿಧ್ಯ ಶಾಸನವು ಪಂಚಾಯತಿಯ ಮಟ್ಟದ ಸಮಿತಿಗಳಿಗೂ ಜನತಾ ಜೀವವೈವಿಧ್ಯ ದಾಖಲೆಗೂ ದಾರಿಮಾಡಿತು. ಅದನ್ನು ತುಂಬುವ ಕಾರ್ಯಕ್ಕೆ ವಿದ್ಯಾರ್ಥಿಗಳಿಗಿಂತ ತಕ್ಕವರು ವಿರಳ. ಒಂದು ಮಳೆಮಾಪಕ, ಹತ್ತು ಬಾವಿಗಳ ನೀರಿನ ಮಟ್ಟ, ಒಂದು ದಿನಚರಿ ಪುಸ್ತಕ: ಇಷ್ಟನ್ನು ಇಪ್ಪತ್ತು ವರ್ಷ ತಪ್ಪದೆ ನಡೆಸಿದ ಕಾಲೇಜಿನ ಮಾತನ್ನು ಯಾವ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರನು.

ಸರ್ಕಾರಿ ನೌಕರಿಯಲ್ಲಿರುವ ಅಧ್ಯಾಪಕರಿಗೆ ನಡತೆಯ ನಿಯಮಗಳ ಅಡ್ಡಿ ಉಂಟೆಂಬುದು ನಿಜ. ಪಕ್ಷದ ವೇದಿಕೆಯನ್ನು ಏರುವುದಕ್ಕೆ ಆ ನಿಯಮಗಳು ಅಡ್ಡಬರುತ್ತವೆ. ಮಳೆಯನ್ನು ಅಳೆದು ಅದರ ಲೆಕ್ಕವನ್ನು ಕಾಲೇಜಿನ ಪತ್ರಿಕೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸುವುದು ಅಧ್ಯಾಪಕನ ವೃತ್ತಿಯೊಳಗಿನ ಕೆಲಸವೇ. ವಿಜ್ಞಾನವು ಯಾರೂ ಪರಿಶೀಲಿಸಬಹುದಾದ ಜ್ಞಾನವಾಗಿ ಉಳಿದಿರುವವರೆಗೆ ಅದನ್ನು ರಕ್ಷಿಸಲು ಪರಿಶೀಲಿಸಿದ ಜನರೇ ಮುಂದೆ ಬರುತ್ತಾರೆ. ಅಂಥ ಜನರನ್ನು ಸಿದ್ಧಪಡಿಸುವ ಹೊಣೆ ನಮ್ಮ ತರಗತಿಗಳದು.